ಹೊಟ್ಟೆ ಕ್ಲೀನ್ ಮಾಡುವ ಇಸಬಗೋಲ್–ಮಣ್ಣಿನ ಪುಡಿ: ಹೊರಗೆ ಬರುವ ಕಪ್ಪು 'ಹಗ್ಗ' ಯಾವುದು?

ಭಟ್ಕಳ: ಭಟ್ಕಳ, ಹೊನ್ನಾವರ, ಕುಮಟಾ ಯಾವ ಪೇಟೆಗೆ ಹೋದರೂ ಕಿರಾಣಿ ಅಂಗಡಿ, ಮೆಡಿಕಲ್ ಶಾಪ್‌ಗಳಲ್ಲಿ ಇಸಬಗೋಲ್ ಸಿಗುತ್ತದೆ. ಅದರಲ್ಲೇನೂ ಹೊಸತಿಲ್ಲ. ಆದರೆ ಇಸಬಗೋಲ್ ಜೊತೆ ಜೇಡಿಮಣ್ಣಿನ ಪುಡಿ ಕಲಸಿ ಕುಡಿದರೆ ಕರುಳಲ್ಲಿ ವರ್ಷಗಟ್ಟಲೆ ಅಂಟಿಕೊಂಡ ಕಲ್ಮಶ ಹಗ್ಗದ ಹಾಗೆ ಹೊರಗೆ ಬರುತ್ತದೆ ಎಂಬ ವಿಡಿಯೊಗಳು ಮೊಬೈಲ್‌ನಲ್ಲಿ ಸಿಗುತ್ತವೆ. ಫೋಟೊ ಕೂಡ ತೋರಿಸ್ತಾರೆ. ಹಾಗಾದ್ರೆ ಆ ಹಗ್ಗ ಏನು?

ಮೊದಲು ಈ ಎರಡು ವಸ್ತುಗಳನ್ನು ತಿಳಿದುಕೊಳ್ಳೋಣ. ಇಸಬಗೋಲ್ ಎಂದರೆ ಗುಜರಾತ್, ರಾಜಸ್ಥಾನಗಳಲ್ಲಿ ಬೆಳೆಯುವ ಒಂದು ಗಿಡದ ಬೀಜದ ಸಿಪ್ಪೆ. ಗುಜರಾತಿನ ಊಂಝಾ ಇದರ ದೊಡ್ಡ ಮಾರುಕಟ್ಟೆ. ನೀರು ತಾಗಿದ ಕೂಡಲೇ ಈ ಸಿಪ್ಪೆ ಉಬ್ಬಿ ಲೋಳೆಯಾಗುತ್ತದೆ. ಮಲ ಮೆತ್ತಗಾಗಿ ಸಲೀಸಾಗಿ ಹೋಗಲು ಈ ಗುಣವೇ ಕಾರಣ. ಇದು ನಿಜವಾದ ಔಷಧಿ, ಡಾಕ್ಟರೂ ಬರೆದುಕೊಡ್ತಾರೆ.

ಎರಡನೆಯದು ಬೆಂಟೊನೈಟ್ ಎಂಬ ಮಣ್ಣು. ಜ್ವಾಲಾಮುಖಿಯ ಬೂದಿಯಿಂದ ಆದದ್ದು. ನಮ್ಮ ದೇಶದಲ್ಲಿ ಕಛ್, ಬಾರ್ಮೇರ್ ಕಡೆ ಸಿಗುತ್ತದೆ. ಬೋರ್ ಕೊರೆಯಲು, ಲೋಹದ ಅಚ್ಚು ಮಾಡಲು ಬಳಸುತ್ತಾರೆ. ಇದೂ ನೀರು ಹೀರಿ ಉಬ್ಬುತ್ತದೆ.

ಈಗ ಹಗ್ಗದ ವಿಷಯಕ್ಕೆ ಬರೋಣ. ಒಂದು ಚಮಚ ಇಸಬಗೋಲ್, ಒಂದು ಚಮಚ ಜೇಡಿಮಣ್ಣು ಒಂದು ಬಟ್ಟಲಿಗೆ ಹಾಕಿ, ಸ್ವಲ್ಪ ನೀರು ಬೆರೆಸಿ ಅರ್ಧ ಗಂಟೆ ಬಿಟ್ಟು ನೋಡಿ. ಅಂಟು ಅಂಟಾದ ಮುದ್ದೆಯಾಗಿರುತ್ತದೆ. ಹೊಟ್ಟೆಯೊಳಗೂ ಆಗುವುದು ಇದೇ. ಕರುಳಿನ ಉದ್ದಕ್ಕೆ ಸಾಗುವಾಗ ಮುದ್ದೆ ಕರುಳಿನ ಆಕಾರ ಪಡೆಯುತ್ತದೆ, ಪಿತ್ತರಸ ಸೇರಿ ಬಣ್ಣ ಕಪ್ಪಾಗುತ್ತದೆ. ಅಂದ್ರೆ ಹೊರಗೆ ಬಂದದ್ದು ಹಳೇ ಕಲ್ಮಶ ಅಲ್ಲ, ಬೆಳಿಗ್ಗೆ ಕುಡಿದ ಪುಡಿಯೇ. ಎಷ್ಟು ಸಲ ಕುಡಿದರೂ ಅಷ್ಟು ಸಲವೂ ಬರುತ್ತದೆ. ಕರುಳಿನ ಒಳಪದರ ಮೂರರಿಂದ ಐದು ದಿನಕ್ಕೊಮ್ಮೆ ತಾನಾಗೇ ಹೊಸದಾಗುವುದರಿಂದ ಅಲ್ಲಿ ವರ್ಷಗಟ್ಟಲೆ ಏನೂ ಅಂಟಿ ಕೂರುವುದಿಲ್ಲ. ಕ್ಯಾಮರಾ ಹಾಕಿ ದೊಡ್ಡ ಕರುಳು ನೋಡುವ ಡಾಕ್ಟರುಗಳಿಗೂ ಇಂಥ ಪದರ ಕಾಣಿಸಿಲ್ಲ.

ಇದರಲ್ಲಿ ಅಪಾಯವೂ ಇದೆ. ನೀರು ಕಮ್ಮಿ ಕುಡಿದರೆ ಮುದ್ದೆ ಗಂಟಲಲ್ಲೋ ಕರುಳಲ್ಲೋ ಸಿಕ್ಕಿಹಾಕಿಕೊಳ್ಳಬಹುದು. ಮಣ್ಣು ಔಷಧಿಯನ್ನೂ ಹೀರಿಕೊಳ್ಳುವುದರಿಂದ ಶುಗರ್, ಬಿಪಿ, ಥೈರಾಯ್ಡ್ ಮಾತ್ರೆ ತಗೊಳ್ಳುವವರಿಗೆ ಮಾತ್ರೆ ನುಂಗಿದರೂ ಪ್ರಯೋಜನ ಆಗದೇ ಹೋಗಬಹುದು. ಮಣ್ಣಲ್ಲಿ ಸೀಸವೂ ಇರಬಹುದು. 2016ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಇದೇ ಕಾರಣಕ್ಕೆ ಕೆಲವು ಬ್ರಾಂಡಿನ ಬೆಂಟೊನೈಟ್ ಪುಡಿ ಬಳಸಬೇಡಿ ಎಂದು ಎಚ್ಚರಿಸಿತ್ತು. ಗರ್ಭಿಣಿಯರು, ಮಕ್ಕಳಿಗೆ ಸೀಸ ಇನ್ನೂ ಕೆಟ್ಟದ್ದು. ಬಸುರಿಯರಿಗೆ ಮಣ್ಣು ತಿನ್ನುವ ಬಯಕೆ ಆದರೆ ಅದು ರಕ್ತಹೀನತೆಯ ಲಕ್ಷಣ ಇರಬಹುದು, ಪರೀಕ್ಷೆ ಮಾಡಿಸಬೇಕು.

ಪ್ರಕೃತಿ ಚಿಕಿತ್ಸೆಯಲ್ಲಿ ಮಣ್ಣು ಬಳಸ್ತಾರಲ್ಲ ಎಂದು ಕೇಳಬಹುದು. ನಿಜ. ಆದರೆ ಅಲ್ಲಿ ಮಣ್ಣಿನ ಪಟ್ಟಿ ಹಾಕುವುದು ಹೊಟ್ಟೆಯ ಮೇಲೆ, ಒಳಗಲ್ಲ.

ಅಂಗಡಿಯವರು ಗಮನಿಸಬೇಕಾದದ್ದು ಇಷ್ಟು: ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯನ್ನು ಹೊಟ್ಟೆಗೆ ಎಂದು ಕೇಳಿದವರಿಗೆ ಕೊಡಬೇಡಿ. ತಿನ್ನುವ ಪದಾರ್ಥದ ಪ್ಯಾಕೆಟ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇದೆಯೇ ನೋಡಿ. ಇಸಬಗೋಲ್ ಕೊಡುವಾಗ 'ನೀರು ಜಾಸ್ತಿ ಕುಡೀರಿ' ಎಂದು ಒಂದು ಮಾತು ಹೇಳಿ.

ಮಲಬದ್ಧತೆ ಇದ್ದವರಿಗೆ ಬರೀ ಇಸಬಗೋಲ್ ಸಾಕು. ಒಂದೆರಡು ಚಮಚ, ದೊಡ್ಡ ಲೋಟ ತುಂಬ ನೀರಿಗೆ ಹಾಕಿ ಗಟ್ಟಿಯಾಗುವ ಮೊದಲೇ ಕುಡಿಯಬೇಕು. ಬೇರೆ ಮಾತ್ರೆಗೂ ಇದಕ್ಕೂ ಎರಡು ತಾಸು ಅಂತರ ಇರಲಿ. ಗಲ್ಲೆಯ ಮೇಲೆ ದಿನವಿಡೀ ಕೂತು ನೀರು ಕುಡಿಯಲೂ ಮರೆಯುವವರಿಗೆ ಪುಡಿಗಿಂತ ಮೊದಲು ಬೇಕಾದದ್ದು ನೀರು, ಒಂದಿಷ್ಟು ನಡಿಗೆ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಾಳೆದಿಂಡಿನ ಪಲ್ಯ, ಬಸಳೆ, ಹರಿವೆ ಸೊಪ್ಪು, ಹುರುಳಿ ಸಾರು, ಪೇರಲೆ ಹಣ್ಣು ಎಲ್ಲದರಲ್ಲೂ ನಾರಿದೆ. ಬಾಳೆದಿಂಡು ತಿಂದರೆ ಹೊಟ್ಟೆಗೆ ಹೋದ ಕೂದಲೂ ಹೊರಗೆ ಹೋಗುತ್ತದೆ ಎಂದು ಹಿರಿಯರು ಹೇಳುವುದುಂಟು. ಕೂದಲಿನ ಮಾತು ಹೇಗೇ ಇರಲಿ, ದಿಂಡಿನ ನಾರು ಮಾತ್ರ ಸುಳ್ಳಲ್ಲ.

ಮಲದಲ್ಲಿ ರಕ್ತ, ಡಾಂಬರಿನಂತೆ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ಮೊದಲಿನ ಅಭ್ಯಾಸ ಬದಲಾಗಿ ವಾರಗಟ್ಟಲೆ ಹಾಗೇ ಇರುವುದು ಕಂಡರೆ ಯಾವ ಪುಡಿಯನ್ನೂ ನೆಚ್ಚಿಕೊಂಡು ಕೂರಬೇಡಿ. ಕರುಳಿನ ಕ್ಯಾನ್ಸರ್ ಕೂಡ ಹೀಗೇ ಶುರುವಾಗಬಹುದು. 'ಹಗ್ಗ ಬಂತು, ಹೊಟ್ಟೆ ಕ್ಲೀನಾಯ್ತು' ಎಂದು ತಿಂಗಳು ಕಳೆದರೆ ಆಮೇಲೆ ಮಣಿಪಾಲ, ಮಂಗಳೂರಿಗೆ ಓಡಬೇಕಾಗುತ್ತದೆ. ಅದಕ್ಕಿಂತ ಮೊದಲೇ ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ.