ಹಗ್ಗ ಹಿಡಿದು ಮೇಲೆದ್ದ ಊರು

ಒಂದೇ ಊರು, ಒಂದೇ ವರ್ಷ, ಆರು ಸಾವಿರಕ್ಕೂ ಮೀರಿದ ಕೊಲೆ! ಯಾವ ಶತ್ರು ದೇಶವೂ ದಾಳಿ ಮಾಡಿರಲಿಲ್ಲ. ಜನ ಬೆಳಿಗ್ಗೆ ಎದ್ದು ಗಿರಣಿಗೆ, ಶಾಲೆಗೆ, ಮಾರುಕಟ್ಟೆಗೆ ಹೋಗಿಬರುತ್ತಿದ್ದ ಊರದು. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಎರಡನೇ ದೊಡ್ಡ ನಗರ ಮೆಡೆಲಿನ್. 1991ರಲ್ಲಿ ಅಲ್ಲಿ ಲಕ್ಷ ಜನಕ್ಕೆ ಸುಮಾರು 380 ಮಂದಿ ಕೊಲೆಯಾದರು. ಭಾರತದಲ್ಲಿ ಈಗ ಈ ಲೆಕ್ಕ ಲಕ್ಷಕ್ಕೆ ಎರಡು ಮೂರರ ಆಸುಪಾಸು. ಇನ್ನೊಮ್ಮೆ ಓದಿ: ಇಲ್ಲಿ ಎರಡು ಮೂರು, ಅಲ್ಲಿ 380!

ಅದೇ ಮೆಡೆಲಿನ್‌ನಲ್ಲಿ 2023ರ ಇಡೀ ವರ್ಷಕ್ಕೆ ಆದ ಕೊಲೆಗಳು 400ಕ್ಕಿಂತ ಕಡಿಮೆ. ಈ ನಡುವೆ ಜನಸಂಖ್ಯೆಯೇನೂ ಇಳಿದಿಲ್ಲ, ಏರಿ 25 ಲಕ್ಷದ ಹತ್ತಿರಕ್ಕೆ ಬಂದಿದೆ.

ಏನಾಯಿತು ಈ ಊರಿಗೆ? ಥಟ್ಟನೆ ಸಿಗುವ ಉತ್ತರ ಒಂದಿದೆ: ಪಾಬ್ಲೊ ಎಸ್ಕೊಬಾರ್ ಸತ್ತ. ‘ನಾರ್ಕೋಸ್’ ಸರಣಿ ನೋಡಿದವರಿಗೆಲ್ಲ ಗೊತ್ತಿರುವ ಕಥೆ ಅದು. ಕೊಕೇನ್ ದೊರೆ, ಕಾರ್ ಬಾಂಬುಗಳು, ಕೊನೆಗೆ 1993ರ ಡಿಸೆಂಬರ್ 2ರಂದು ಹೆಂಚಿನ ಮಾಡಿನ ಮೇಲೆ ಅವನ ಹೆಣ. ಆದರೆ ಈ ಉತ್ತರಕ್ಕೆ ಲೆಕ್ಕ ಒಪ್ಪುವುದಿಲ್ಲ. ಅವನು ಸತ್ತು ಒಂಬತ್ತು ವರ್ಷ ಕಳೆದ ಮೇಲೆ, 2002ರಲ್ಲೂ ಅಲ್ಲಿ ಮೂರು ಸಾವಿರಕ್ಕೂ ಹೆಚ್ಚು ಹೆಣ ಬಿದ್ದಿದ್ದವು. ಒಬ್ಬ ಖಳನನ್ನು ಹೊಡೆದುರುಳಿಸಿದರೆ ಊರು ಸರಿಹೋಗುವುದು ಸಿನಿಮಾದಲ್ಲಿ ಮಾತ್ರ. ಮೆಡೆಲಿನ್‌ನಲ್ಲಿ ನಡೆದದ್ದು ಸಿನಿಮಾಕ್ಕಿಂತ ಸೋಜಿಗದ್ದು.

ಮೊದಲು ಆ ಊರಿನ ಮೈಕಟ್ಟು ನೋಡಬೇಕು. ಅಬುರ್ರಾ ಎಂಬ ಉದ್ದನೆಯ ಕಣಿವೆ, ಸಮುದ್ರಮಟ್ಟದಿಂದ 1500 ಮೀಟರ್ ಎತ್ತರ, ನಡುವೆ ಹರಿಯುವ ನದಿ, ಎರಡೂ ಬದಿಗೆ ಕಡಿದಾದ ಬೆಟ್ಟ. ಕಣಿವೆಯ ತಳದಲ್ಲಿ ಬಟ್ಟೆ ಗಿರಣಿಗಳು ಹುಟ್ಟಿಕೊಂಡವು. 1907ರಲ್ಲಿ ಶುರುವಾದ ಕೊಲ್ತೆಹೇರ್ ಗಿರಣಿ ಎಷ್ಟು ಬೆಳೆಯಿತೆಂದರೆ 1970ರ ದಶಕದಲ್ಲಿ ಊರ ನಡುವೆ ಹೊಲಿಗೆ ಸೂಜಿಯ ಆಕಾರದಲ್ಲೇ ಗಗನಚುಂಬಿ ಎತ್ತಿ ನಿಲ್ಲಿಸಿತು! ಇತ್ತ ಹಳ್ಳಿಗಾಡಿನ ರಾಜಕೀಯ ಹಿಂಸೆಗೆ ಹೆದರಿ 1940ರ ದಶಕದ ಕೊನೆಯಿಂದ ಜನ ಗಂಟುಮೂಟೆ ಕಟ್ಟಿಕೊಂಡು ಈ ಊರಿಗೆ ಬರತೊಡಗಿದರು. ತಳದಲ್ಲಿ ಜಾಗವಿಲ್ಲ. ಬೆಟ್ಟ ಹತ್ತಿದರು. ಇಟ್ಟಿಗೆಯ ಮೇಲೆ ಇಟ್ಟಿಗೆ, ಮನೆಯ ತಲೆಯ ಮೇಲೆ ಇನ್ನೊಂದು ಮನೆ. ರಸ್ತೆಯಿಲ್ಲ, ಹಕ್ಕುಪತ್ರವಿಲ್ಲ, ಕೆಳಗಿನಿಂದ ಮೇಲಕ್ಕೆ ನೂರಾರು ಮೆಟ್ಟಿಲು. ಮುಂದೆ ಗಿರಣಿಗಳು ಸೊರಗಿದವು, ಕೆಲಸ ಹೋಯಿತು, ಅದೇ ಹೊತ್ತಿಗೆ ಕೊಕೇನ್ ದುಡ್ಡು ಬಂತು. ಬೆಟ್ಟದ ಮೇಲಿನ ಹದಿನಾರು ಹದಿನೇಳರ ಹುಡುಗರು ಬೈಕ್ ಹಿಂದೆ ಕೂತು ಸುಪಾರಿ ಕೊಲೆ ಮಾಡುವ ಕಸುಬು ಹಿಡಿದರು. ಅಲೊನ್ಸೊ ಸಲಸಾರ್ ಎಂಬ ಪತ್ರಕರ್ತ ಈ ಹುಡುಗರನ್ನು ಮಾತಾಡಿಸಿ 1990ರಲ್ಲಿ ಒಂದು ಪುಸ್ತಕ ಬರೆದರು. ಆ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

1995ರಲ್ಲಿ ಮೆಟ್ರೋ ಬಂತು. ಊರು ಇಷ್ಟು ಉರಿಯುತ್ತಿದ್ದಾಗ ಮೆಟ್ರೋ! ರೈಲು ಓಡುವ ವರ್ಷಗಳ ಮೊದಲೇ ಕಂಪನಿಯ ಜನ ಬಡಾವಣೆ ಬಡಾವಣೆಗೆ ಹೋಗಿ ಇದು ನಿಮ್ಮದೇ ಸ್ವತ್ತು, ಹೀಗೆ ನೋಡಿಕೊಳ್ಳಿ ಎಂದು ಹೇಳಿಕೊಟ್ಟರಂತೆ. ಅದಕ್ಕೆ ‘ಮೆಟ್ರೋ ಸಂಸ್ಕೃತಿ’ ಎಂಬ ಹೆಸರೇ ಇದೆ. ಇವತ್ತಿಗೂ ಆ ಬೋಗಿಗಳಲ್ಲಿ ಗೀಚು ಕಾಣುವುದು ಅಪರೂಪ. ಆದರೆ ರೈಲು ಓಡುವುದು ಕಣಿವೆಯ ತಳದಲ್ಲಿ. ನಿಜವಾದ ಬಡವರಿದ್ದದ್ದು ಬೆಟ್ಟದ ನೆತ್ತಿಯಲ್ಲಿ. ಕೂಲಿ ಮುಗಿಸಿ ಬಂದ ಹೆಂಗಸು ಚೀಲ ಹೊತ್ತು ಮೆಟ್ಟಿಲು ಹತ್ತಲೇಬೇಕು.

ಆಗ ಯಾರಿಗೆ ಹೊಳೆಯಿತೋ ಆ ವಿಚಾರ! ರೋಪ್‌ವೇ! ಹಿಮದ ಬೆಟ್ಟದಲ್ಲಿ ಜಾರುವ ಶ್ರೀಮಂತರಿಗೆ, ದೇವಸ್ಥಾನಕ್ಕೆ ಹೋಗುವ ಯಾತ್ರಿಕರಿಗೆ ಇದ್ದದ್ದನ್ನು ಕೂಲಿಯವರ ಬಸ್ಸಾಗಿ ಮಾಡಿದರೆ? ಮೇಯರ್ ಲೂಯಿಸ್ ಪೆರೆಸ್ ಅವರ ಕಾಲದಲ್ಲಿ ಕೆಲಸ ಶುರುವಾಗಿ, 2004ರಲ್ಲಿ ಮೆಟ್ರೋದ ‘ಕೆ’ ಲೈನ್ ಗಾಳಿಯಲ್ಲಿ ತೇಲತೊಡಗಿತು. ಅಸೆವೆದೊ ನಿಲ್ದಾಣದಲ್ಲಿ ರೈಲಿನಿಂದ ಇಳಿದು ಮೆಟ್ಟಿಲೇರಿದರೆ ಕ್ಯಾಬಿನ್‌ಗಳು ಸಾಲಾಗಿ ಬರುತ್ತಿರುತ್ತವೆ. ನಿಲ್ಲುವುದಿಲ್ಲ, ವೇಗ ತಗ್ಗಿಸುತ್ತವೆ ಅಷ್ಟೆ; ಬಾಗಿಲು ತೆರೆದುಕೊಂಡಾಗ ಹತ್ತಿಬಿಡಬೇಕು. ಒಂದರಲ್ಲಿ ಹತ್ತು ಜನ. ಮರುಕ್ಷಣ ನೆಲ ಕೆಳಗೆ ಸರಿಯುತ್ತದೆ. ತಗಡಿನ ಮಾಡು, ಅದು ಹಾರದಂತೆ ಹೇರಿದ ಕಲ್ಲು, ಒಣಹಾಕಿದ ಬಟ್ಟೆ, ನೀರಿನ ಡ್ರಮ್ಮು, ತಾರಸಿಯ ಮೇಲೆ ಬೊಗಳುವ ನಾಯಿ, ಎಲ್ಲವೂ ಕಾಲಡಿಯಲ್ಲಿ. ಎರಡು ಕಿಲೋಮೀಟರ್ ಹಗ್ಗದ ದಾರಿ, ಸುಮಾರು 400 ಮೀಟರ್ ಏರು. ಹಿಂದೆ ಟ್ಯಾಕ್ಸಿಯವರೂ ಬರಲೊಲ್ಲದ ಸಾಂತೊ ದೊಮಿಂಗೊ ಬಡಾವಣೆ ಕೆಲವೇ ನಿಮಿಷದಲ್ಲಿ ಎದುರಿಗೆ!

ಇಷ್ಟಕ್ಕೇ ನಿಲ್ಲಿಸಿದ್ದರೆ ಅದೊಂದು ಸಾರಿಗೆ ಯೋಜನೆಯಾಗಿ ಮುಗಿಯುತ್ತಿತ್ತು. ಅದೇ 2004ರಲ್ಲಿ ಮೇಯರ್ ಆಗಿ ಬಂದವರು ಸೆರ್ಹಿಯೊ ಫಹಾರ್ದೊ. ಗಣಿತದ ಪ್ರೊಫೆಸರ್, ಅಪ್ಪ ವಾಸ್ತುಶಿಲ್ಪಿ, ಯಾವ ಹಳೆಯ ಪಕ್ಷಕ್ಕೂ ಸೇರದವರು. ಅವರ ಸೂತ್ರ ಗಣಿತದ್ದಷ್ಟೇ ಸರಳ: ಊರಿನ ಅತಿ ಸುಂದರ ಕಟ್ಟಡಗಳು ಅತಿ ಬಡ ಕೇರಿಗಳಲ್ಲೇ ಏಳಬೇಕು. ಬಡವರಿಗೆ ಕೊಡುವಾಗ ಇಷ್ಟು ಸಾಕು ಬಿಡಿ ಎನ್ನುವ ಸರ್ಕಾರಿ ಗುಣವನ್ನು ತಲೆಕೆಳಗು ಮಾಡಿದ ಮಾತದು. ವಾಸ್ತುಶಿಲ್ಪಿ ಅಲೆಹಾಂದ್ರೊ ಎಚೆವೆರ್ರಿ ಮತ್ತವರ ತಂಡ ಕೇಬಲ್ ನಿಲ್ದಾಣಗಳ ಸುತ್ತ ಬೀದಿಗಿಳಿಯಿತು. ಕೇರಿಯವರನ್ನು ಕೂರಿಸಿಕೊಂಡು ನಿಮಗೇನು ಬೇಕು, ಬಿಡಿಸಿ ತೋರಿಸಿ ಎಂದರು. ಶಾಲೆ, ಕಾಲುದಾರಿ, ಪಾರ್ಕು, ಬೆಳಕು, ಪೊಲೀಸ್ ಠಾಣೆ ಎಲ್ಲವನ್ನೂ ಒಂದೇ ಜಾಗಕ್ಕೆ ಒಂದೇ ಬಾರಿಗೆ ತಂದು ಸುರಿದರು. ಒಂದು ವರ್ಷ ಚರಂಡಿ, ಮೂರು ವರ್ಷ ಬಿಟ್ಟು ದೀಪ ಎಂಬ ಲೆಕ್ಕವಿಲ್ಲ!

ನನ್ನನ್ನು ಬೆರಗಾಗಿಸಿದ್ದು ಒಂದು ಪುಟ್ಟ ಸೇತುವೆ. ಅಂದಲುಸಿಯಾ, ಲಾ ಫ್ರಾನ್ಸಿಯಾ ಎಂಬ ಎರಡು ಕೇರಿಗಳ ನಡುವೆ ಒಂದು ಕೊರಕಲು. ಆಚೆಯ ಗ್ಯಾಂಗು ಬೇರೆ, ಈಚೆಯದು ಬೇರೆ. ಕೊರಕಲೇ ಗಡಿ. ದಾಟಿದ ಹುಡುಗ ಜೀವಂತ ಮರಳುವ ಖಾತ್ರಿಯಿರಲಿಲ್ಲ. ಪಾಲಿಕೆ ಅಲ್ಲೇ ಕಾಲ್ನಡಿಗೆಯ ಸೇತುವೆ ಕಟ್ಟಿತು. ಗೋಡೆ ಕಟ್ಟಿ ಇಬ್ಬರನ್ನೂ ದೂರವಿಡಬೇಕು ಎಂದು ಯಾರಾದರೂ ಯೋಚಿಸುವಂಥ ಜಾಗದಲ್ಲಿ ಸೇತುವೆ!

ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ? ಪವಾಡದ ಕಥೆ ಹೇಳುವವರು ಸಾಮಾನ್ಯವಾಗಿ ಹಾರಿಸಿಬಿಡುವ ಅಧ್ಯಾಯ ಇದು, ನನ್ನ ಪ್ರಕಾರ ಮುಖ್ಯವಾದದ್ದೂ ಇದೇ. ಮೆಡೆಲಿನ್ ಪಾಲಿಕೆಗೆ 1955ರಿಂದ ಇಪಿಎಂ ಎಂಬ ಸ್ವಂತ ಕಂಪನಿಯಿದೆ. ಕರೆಂಟು, ನೀರು, ಗ್ಯಾಸು ಎಲ್ಲ ಅದರದ್ದೇ. ನಮ್ಮ ಬೆಸ್ಕಾಂ ಮತ್ತು ಜಲಮಂಡಳಿ ಒಂದೇ ಆಗಿ, ಪೂರ್ತಿ ಪಾಲಿಕೆಯ ಕೈಯಲ್ಲಿದ್ದು, ಮೇಲಾಗಿ ಭರ್ತಿ ಲಾಭದಲ್ಲಿ ನಡೆದರೆ ಹೇಗೋ ಹಾಗೆ. ಲಾಭದ ದೊಡ್ಡ ಪಾಲು ವರ್ಷ ವರ್ಷವೂ ಪಾಲಿಕೆಯ ಬೊಕ್ಕಸಕ್ಕೆ ಬರುತ್ತದೆ. ಊರವರು ಕಟ್ಟಿದ ಕರೆಂಟ್ ಬಿಲ್ಲೇ ಶಾಲೆಯಾಗಿ, ಲೈಬ್ರರಿಯಾಗಿ ವಾಪಸ್ ಬರುತ್ತದೆ. ಜೊತೆಗೆ ಹೂಡಿಕೆ ಬಜೆಟ್ಟಿನ ಶೇ 5ರಷ್ಟನ್ನು ಎಲ್ಲಿ ಖರ್ಚು ಮಾಡಬೇಕೆಂದು ವಾರ್ಡಿನವರೇ ತೀರ್ಮಾನಿಸುವ ಪದ್ಧತಿಯೂ ಬಂತು.

ಇಪಿಎಂ ಮಾಡಿದ ಇನ್ನೊಂದು ಕೆಲಸ ಕೇಳಿ. ರಾತ್ರಿಯ ಹೊತ್ತು ಊರಿನ ದೀಪಗಳ ನಕ್ಷೆ ನೋಡಿದರೆ ಬೆಟ್ಟದ ಕೇರಿಗಳ ನಡುನಡುವೆ ಕಪ್ಪು ಕಲೆಗಳು. ಏನೆಂದು ಹುಡುಕಿದರೆ ಅವು ಕಂಪನಿಯದೇ ನೀರಿನ ಟ್ಯಾಂಕ್‌ಗಳ ಜಾಗ! ಟ್ಯಾಂಕ್ ಕಟ್ಟಿದಾಗ ಅದು ಊರಾಚೆ. ಆಮೇಲೆ ಸುತ್ತ ಮನೆಗಳು ಒತ್ತರಿಸಿಕೊಂಡು ಬಂದರೂ ಬೇಲಿ ಹಾಗೇ ಉಳಿದಿತ್ತು. ಕೂರಲು ಒಂದು ಕಟ್ಟೆಯಿಲ್ಲದ ಕೇರಿಯ ನಟ್ಟನಡುವೆ ಎಕರೆಗಟ್ಟಲೆ ಖಾಲಿ ಜಾಗ, ಕತ್ತಲಾದರೆ ಅಲ್ಲಿ ಪುಂಡರ ರಾಜ್ಯ. ದೀಪ ಕೊಡುವ ಕಂಪನಿಯ ಬುಡದಲ್ಲೇ ಕತ್ತಲೆ! ಬೇಲಿ ಕಿತ್ತರು. ಟ್ಯಾಂಕ್ ಸುತ್ತ ಕಾರಂಜಿ, ಆಟದ ಮೈದಾನ, ತರಗತಿ ಕೋಣೆ, ಬಯಲು ರಂಗಮಂದಿರ ಮಾಡಿದರು. ಸಂಜೆಯಾದರೆ ಈಗ ಮಕ್ಕಳು ಕಾರಂಜಿಯಲ್ಲಿ ಕುಣಿಯುತ್ತಾರೆ, ಅಜ್ಜಿಯರು ಕಟ್ಟೆಯ ಮೇಲೆ ಕೂತು ನೋಡುತ್ತಾರೆ.

ಮೊರಾವಿಯಾ ಇನ್ನೊಂದು ಅಚ್ಚರಿ. 1977ರಿಂದ 1984ರವರೆಗೆ ಇಡೀ ಊರಿನ ಕಸ ಬೀಳುತ್ತಿದ್ದ ಜಾಗ. ಕಸ ಗುಡ್ಡವಾಯಿತು, ಗುಡ್ಡದ ಮೇಲೆ ಕಸ ಆಯುವವರ ಮನೆಗಳಾದವು. ಆಮೇಲೆ ಅವರನ್ನು ಬೇರೆಡೆಗೆ ಸ್ಥಳಾಂತರಿಸಿ ಆ ಗುಡ್ಡವನ್ನು ಹೂದೋಟ ಮಾಡಿದರು, ನೋಡಿಕೊಳ್ಳುವವರು ಬಹುಪಾಲು ಅಲ್ಲಿಯದೇ ಹೆಂಗಸರು. ಪಕ್ಕದಲ್ಲಿ ಕೊಲಂಬಿಯಾದ ಅತಿ ದೊಡ್ಡ ವಾಸ್ತುಶಿಲ್ಪಿ ರೊಹೆಲಿಯೊ ಸಾಲ್ಮೊನಾ ತಮ್ಮ ಕೊನೆಗಾಲದಲ್ಲಿ ರೂಪಿಸಿದ ಸಾಂಸ್ಕೃತಿಕ ಕೇಂದ್ರ. ಬೇರೆಡೆ ಮನೆ ಸಾಲದೆ ಜನ ಮತ್ತೆ ಆ ಗುಡ್ಡ ಹತ್ತಿದ್ದೂ ಉಂಟು, ಅದನ್ನೂ ಹೇಳಬೇಕು.

2011ರಲ್ಲಿ ಕೊಮುನಾ 13 ಎಂಬ ಬೆಟ್ಟದ ಕೇರಿಗೆ ಎಸ್ಕಲೇಟರ್ ಬಂತು. ಮಾಲ್ ಒಳಗಲ್ಲ, ಬಯಲಿನಲ್ಲಿ, ಮನೆಗಳ ನಡುವೆ! ಆರು ಹಂತ, ಒಟ್ಟು 384 ಮೀಟರ್, 28 ಮಹಡಿ ಹತ್ತಿದಷ್ಟು ಎತ್ತರ. ಟಿಕೆಟ್ ಇಲ್ಲ. ಇವತ್ತು ಅಲ್ಲಿ ಗೋಡೆ ತುಂಬ ಗ್ರಾಫಿಟಿ, ಬೀದಿ ತುಂಬ ಪ್ರವಾಸಿಗರು.

ಚೆಂದದ ಕಟ್ಟಡಕ್ಕೂ ಕೊಲೆ ಇಳಿದದ್ದಕ್ಕೂ ಸಂಬಂಧವಿದೆಯೇ, ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಯಿತೇ? ಸಂಶೋಧಕರು ಇದನ್ನೂ ತೂಗಿ ನೋಡಿದ್ದಾರೆ. ಕೇಬಲ್ ಬಂದ ಕೇರಿಗಳನ್ನೂ, ಅಂಥವೇ ಆದರೆ ಕೇಬಲ್ ಬಾರದ ಕೇರಿಗಳನ್ನೂ ಪಕ್ಕಪಕ್ಕ ಇಟ್ಟು 2003ರಿಂದ 2008ರವರೆಗೆ ಹೋಲಿಸಿದರು. ಎರಡೂ ಕಡೆ ಕೊಲೆ ಇಳಿದಿತ್ತು. ಆದರೆ ಕೇಬಲ್ ಬಂದ ಕಡೆಯ ಇಳಿಕೆ ಶೇ 66ರಷ್ಟು ಹೆಚ್ಚು! 2012ರಲ್ಲಿ ಪ್ರಕಟವಾದ ಅಧ್ಯಯನವಿದು.

ಎರಡೂ ಕಡೆ ಇಳಿದದ್ದು ಯಾಕೆ ಎಂಬಲ್ಲಿ ಕಥೆಯ ಕಪ್ಪು ಪುಟ ತೆರೆಯುತ್ತದೆ. 2002ರ ಅಕ್ಟೋಬರ್‌ನಲ್ಲಿ ಸೇನೆ ಮತ್ತು ಪೊಲೀಸರು ‘ಓರಿಯನ್’ ಎಂಬ ಕಾರ್ಯಾಚರಣೆ ನಡೆಸಿ ಕೊಮುನಾ 13ಕ್ಕೆ ನುಗ್ಗಿದರು. ಅಲ್ಲಿ ಬೀಡುಬಿಟ್ಟಿದ್ದ ಎಡಪಂಥೀಯ ಗೆರಿಲ್ಲಾಗಳು ಓಡಿದರು, ಅವರ ಜಾಗಕ್ಕೆ ಬಲಪಂಥೀಯರ ಖಾಸಗಿ ಸಶಸ್ತ್ರ ಪಡೆ ಬಂತು. ಎಷ್ಟೋ ಹುಡುಗರು ಕಾಣೆಯಾದರು. ಊರಿನ ಪಾತಾಳ ಲೋಕವೆಲ್ಲ ‘ದೊನ್ ಬೆರ್ನಾ’ ಎಂಬ ಒಬ್ಬನೇ ದೊರೆಯ ಕೈಗೆ ಹೋಯಿತು. ಅವನು ಶಾಂತಿ ಇರಲಿ ಎಂದರೆ ಶಾಂತಿ. 2008ರಲ್ಲಿ ಅವನನ್ನು ಅಮೆರಿಕಕ್ಕೆ ಒಪ್ಪಿಸಿದ್ದೇ ತಡ, ಗ್ಯಾಂಗುಗಳು ಮತ್ತೆ ಕಚ್ಚಾಡಿ 2009ರಲ್ಲಿ ಕೊಲೆಗಳು ದುಪ್ಪಟ್ಟಾಗಿ ಎರಡು ಸಾವಿರ ದಾಟಿದವು. ಆಗ ಮೇಯರ್ ಯಾರು ಗೊತ್ತೇ? ಸುಪಾರಿ ಹುಡುಗರ ಬಗ್ಗೆ ಪುಸ್ತಕ ಬರೆದ ಅದೇ ಅಲೊನ್ಸೊ ಸಲಸಾರ್! ಊರು ಮತ್ತೆ ಉಸಿರು ಹಿಡಿದು ಇಳಿಕೆಯ ಹಾದಿಗೆ ಬಂದದ್ದು ಆಮೇಲೆ. ನೂರಾರು ಗ್ಯಾಂಗುಗಳು ಈಗಲೂ ಇವೆ. ಅಂಗಡಿ, ಬಸ್ಸು, ಮನೆಗಳಿಂದ ಹಫ್ತಾ ವಸೂಲಿ ನಿಂತಿಲ್ಲ. ಕೇಬಲ್ ನಿಲ್ದಾಣದ ಪಕ್ಕ ಬೆಟ್ಟದ ಮೇಲೆ ಕಪ್ಪು ಬಂಡೆಗಳಂತೆ ಎದ್ದು ನಿಂತ, 2007ರಲ್ಲಿ ಸ್ಪೇನಿನ ರಾಜ-ರಾಣಿ ಬಂದು ಉದ್ಘಾಟಿಸಿದ ಲೈಬ್ರರಿಯ ಹೊದಿಕೆಯೇ ಕಿತ್ತು ಬಂದು, ಅದು ವರ್ಷಗಟ್ಟಲೆ ಬಾಗಿಲು ಹಾಕಿತ್ತು. ಕಾಣೆಯಾದ ಹುಡುಗರ ತಾಯಂದಿರು, ನಮ್ಮ ಮಕ್ಕಳನ್ನು ಕಟ್ಟಡದ ಕಲ್ಲುಮಣ್ಣು ಸುರಿಯುವ ‘ಎಸ್ಕೊಂಬ್ರೆರಾ’ದಲ್ಲಿ ಹೂತಿದ್ದಾರೆ ಎಂದು ಇಪ್ಪತ್ತು ವರ್ಷ ಕೂಗುತ್ತ ಬಂದರು. 2024ರ ಡಿಸೆಂಬರ್‌ನಲ್ಲಿ ಅಲ್ಲೇ ಮೊದಲ ಅಸ್ಥಿಗಳು ಸಿಕ್ಕವು. ಈ ತಾಯಂದಿರನ್ನು ಬಿಟ್ಟು ಮೆಡೆಲಿನ್ ಕಥೆ ಹೇಳಿದರೆ ಅದು ಪ್ರವಾಸೋದ್ಯಮ ಇಲಾಖೆಯ ಜಾಹೀರಾತಾಗುತ್ತದೆ.

ಹಾಗಿದ್ದೂ ನನ್ನ ಬೆರಗು ಕಡಿಮೆಯಾಗಿಲ್ಲ. ಅದೇ 1991ರಲ್ಲಿ, ದಿನಕ್ಕೆ ಹದಿನೇಳು ಹೆಣ ಬೀಳುತ್ತಿದ್ದಾಗ, ಕೆಲವು ಕವಿಗಳು ಸೇರಿ ಅಂತರರಾಷ್ಟ್ರೀಯ ಕಾವ್ಯ ಉತ್ಸವ ಶುರುಮಾಡಿದರು! ಸಂಜೆಯ ನಂತರ ಬೀದಿಗಿಳಿಯಲು ಹೆದರುತ್ತಿದ್ದ ಜನ ಪದ್ಯ ಕೇಳಲು ಬಂದರು. ಅದು ಇಂದಿಗೂ ನಡೆಯುತ್ತಿದೆ. 1995ರಲ್ಲಿ ಸಾನ್ ಅಂತೋನಿಯೊ ಪಾರ್ಕಿನಲ್ಲಿ ಶಿಲ್ಪಿ ಫೆರ್ನಾಂದೊ ಬೊತೆರೊ ಅವರ ಕಂಚಿನ ಹಕ್ಕಿಗೆ ಯಾರೋ ಬಾಂಬ್ ಇಟ್ಟರು, 20ಕ್ಕೂ ಹೆಚ್ಚು ಜನ ಸತ್ತರು. ಬೊತೆರೊ ಆ ಸೀಳಿದ ಹಕ್ಕಿಯನ್ನು ತೆಗೆಯಗೊಡಲಿಲ್ಲ. ಕೆಲ ವರ್ಷ ಬಿಟ್ಟು ಅಂಥದೇ ಇಡಿಯಾದ ಇನ್ನೊಂದು ಹಕ್ಕಿ ಕೊಟ್ಟರು. ಹೊಟ್ಟೆ ಬಗೆದದ್ದೂ, ಇಡಿಯಾದದ್ದೂ ಅಕ್ಕಪಕ್ಕ ನಿಂತಿವೆ.

ಎಸ್ಕೊಬಾರ್ ಇದ್ದ ‘ಮೊನಾಕೊ’ ಕಟ್ಟಡವನ್ನು ಪಾಲಿಕೆ 2019ರಲ್ಲಿ ಸಿಡಿಸಿ ಕೆಡವಿ, ಆ ಕಾಲದಲ್ಲಿ ಸತ್ತವರ ನೆನಪಿನ ಪಾರ್ಕ್ ಮಾಡಿದೆ. ಆದರೂ ಅವನ ಹೆಸರಿನಲ್ಲಿ ಟೂರ್ ಮಾರುವವರಿಗೆ ಬರವಿಲ್ಲ. ನೀವೇನಾದರೂ ಆ ಕಡೆ ಹೋದರೆ ದಯವಿಟ್ಟು ಅಂಥ ಟೂರಿಗೆ ದುಡ್ಡು ಸುರಿಯಬೇಡಿ. ಮೆಟ್ರೋ ಹತ್ತಿ ಅಸೆವೆದೊದಲ್ಲಿ ಇಳಿಯಿರಿ, ಕೆಲಸ ಬಿಟ್ಟು ಮನೆಗೆ ಹೋಗುವವರ ಸಾಲಿನಲ್ಲಿ ನಿಂತು ‘ಕೆ’ ಲೈನ್ ಹತ್ತಿ. ಬೆಟ್ಟದ ತುದಿಯಿಂದ ಆರ್ವಿ ಕಾಡಿಗೆ ಹೋಗುವ ‘ಎಲ್’ ಲೈನಿಗೆ ಬೇರೆ ಟಿಕೆಟ್ ಬೇಕು. ಸಾಂತೊ ದೊಮಿಂಗೊವರೆಗೆ ಮೆಟ್ರೋ ಟಿಕೆಟ್ಟೇ ಸಾಕು.