ಪಾದ್ರೆ ಪಿಯೊ ಗಾಯಗಳೂ ರೋಮಿನ ಅನುಮಾನವೂ

ಪವಾಡದ ಸುದ್ದಿ ಎಲ್ಲಿಂದ ಬಂದರೂ ಕಥೊಲಿಕ ಧರ್ಮಸಭೆ ಅದನ್ನು ಕೈಚಾಚಿ ಬರಮಾಡಿಕೊಳ್ಳುತ್ತದೆ ಎಂಬ ಭಾವನೆ ಹೊರಗಿನವರಲ್ಲಿ ಬಲವಾಗಿದ್ದರೂ, ಆ ಸಭೆಯ ದಾಖಲೆಗಳು ಬೇರೆಯದೇ ಇತಿಹಾಸವನ್ನು ಹೇಳುತ್ತವೆ. ದಕ್ಷಿಣ ಇಟಲಿಯ ಸಾನ್ ಜೊವಾನ್ನಿ ರೊತೊಂದೊ ಎಂಬ ಬೆಟ್ಟದೂರಿನ ಮಠದಲ್ಲಿ ಅರ್ಧ ಶತಮಾನ ಬಾಳಿದ ಪಾದ್ರೆ ಪಿಯೊ ಅವರ ಕೈ, ಕಾಲು ಮತ್ತು ಪಕ್ಕೆಯಲ್ಲಿ, ಶಿಲುಬೆಗೇರಿದ ಯೇಸುವಿನ ಗಾಯಗಳನ್ನು ಹೋಲುವ ಗಾಯಗಳು 1918ರಲ್ಲಿ ಕಾಣಿಸಿಕೊಂಡಾಗ ಜನಸಾಮಾನ್ಯರು ಸಾಲುಗಟ್ಟಿ ಬಂದರು. ಆದರೆ ರೋಮಿನಿಂದ ಬಂದವರು ವೈದ್ಯರು, ತನಿಖಾಧಿಕಾರಿಗಳು ಮತ್ತು ಕೊನೆಗೆ ನಿರ್ಬಂಧದ ಆಜ್ಞೆಗಳು. ಅದೇ ರೋಮ್ 2002ರ ಜೂನ್ 16ರಂದು ಅವರನ್ನು ಸಂತರೆಂದು ಘೋಷಿಸಿತು. ಈ ವೃತ್ತಾಂತವನ್ನು ಭಕ್ತಿಯ ಗೆಲುವೆಂದೋ ಅಧಿಕಾರದ ಸೋಲೆಂದೋ ಓದುವುದು ರೂಢಿಯಾಗಿದೆಯಾದರೂ, ಅನುಮಾನಿಸುವುದೂ ಈ ಧರ್ಮಪರಂಪರೆಯ ಒಳಗೇ ಬೆಳೆದ ಒಂದು ಶಿಸ್ತು ಎಂಬುದನ್ನೂ, ಆ ಶಿಸ್ತು ಕ್ರೌರ್ಯವಾಗಿ ತಿರುಗಿದಾಗ ಅದರ ಭಾರವನ್ನು ಒಬ್ಬ ಮನುಷ್ಯ ಹೊರಬೇಕಾಯಿತೆಂಬುದನ್ನೂ ಒಟ್ಟಿಗೆ ಗ್ರಹಿಸದೆ ಇದು ಅರ್ಥವಾಗುವುದಿಲ್ಲ.

ಪಾದ್ರೆ ಪಿಯೊ ಅವರ ಹುಟ್ಟುಹೆಸರು ಫ್ರಾಂಚೆಸ್ಕೊ ಫೊರ್ಜೊನೆ. 1887ರ ಮೇ 25ರಂದು ಬೆನೆವೆಂತೊ ಸಮೀಪದ ಪಿಯೆತ್ರೆಲ್ಚಿನಾದಲ್ಲಿ ಬಡ ರೈತ ಕುಟುಂಬವೊಂದರಲ್ಲಿ ಹುಟ್ಟಿದ ಅವರು, 1903ರಲ್ಲಿ ಕಪುಚಿನ್ ಸಭೆಯನ್ನು, ಎಂದರೆ ಅಸ್ಸಿಸಿಯ ಸಂತ ಫ್ರಾನ್ಸಿಸರ ಮಾರ್ಗವನ್ನು ಇನ್ನಷ್ಟು ಕಠಿಣವಾಗಿ ಪಾಲಿಸಲೆಂದು ಹದಿನಾರನೆಯ ಶತಮಾನದಲ್ಲಿ ಮೊದಲಾದ, ಇಂದು ಕರ್ನಾಟಕದಲ್ಲಿಯೂ ಮಠಗಳನ್ನು ಹೊಂದಿರುವ ಸನ್ಯಾಸಿ ಸಭೆಯನ್ನು ಸೇರಿದರು. 1910ರ ಆಗಸ್ಟ್ 10ರಂದು ಗುರುದೀಕ್ಷೆ ಪಡೆದರು. ಆರೋಗ್ಯ ಸದಾ ಕೆಟ್ಟಿರುತ್ತಿದ್ದುದರಿಂದ ಕೆಲವು ವರ್ಷ ಹುಟ್ಟೂರಿನಲ್ಲೇ ಉಳಿದು, 1916ರಲ್ಲಿ ಸಾನ್ ಜೊವಾನ್ನಿ ರೊತೊಂದೊಗೆ ಬಂದರು. 1918ರ ಸೆಪ್ಟೆಂಬರ್ 20ರ ಬೆಳಿಗ್ಗೆ ಬಲಿಪೂಜೆಯ ನಂತರ ಶಿಲುಬೆಯ ಮುಂದೆ ಪ್ರಾರ್ಥಿಸುತ್ತಿದ್ದಾಗ ಮೂಡಿದವೆಂದು ಅವರು ಹೇಳಿದ ಗಾಯಗಳು ಮುಂದಿನ ಐವತ್ತು ವರ್ಷ ಉಳಿದವು. ಇಂಥವನ್ನು ಕ್ರೈಸ್ತ ಪರಿಭಾಷೆಯಲ್ಲಿ ಪಂಚಗಾಯಗಳೆನ್ನುತ್ತಾರೆ. 1224ರಲ್ಲಿ ಲಾ ವೆರ್ನಾ ಬೆಟ್ಟದಲ್ಲಿ ಸಂತ ಫ್ರಾನ್ಸಿಸರಿಗೆ ಆದ ಅನುಭವ ಇವುಗಳ ಮೊದಲ ಪ್ರಸಿದ್ಧ ಉದಾಹರಣೆ.

ಗಾಯಗಳು ತನಗೆ ನಾಚಿಕೆ ತರುತ್ತವೆಂದೂ, ನೋವು ಇರಲಿ ಆದರೆ ಹೊರಗಿನ ಗುರುತು ಹೋಗಲಿ ಎಂದು ಬೇಡಿಕೊಳ್ಳುತ್ತಿರುವುದಾಗಿಯೂ ಪಾದ್ರೆ ಪಿಯೊ ತಮ್ಮ ಆತ್ಮಗುರುಗಳಿಗೆ ಬರೆದ ಪತ್ರಗಳಿಂದ ತಿಳಿಯುತ್ತದೆ. ಆದರೆ ಗುರುತು ಹೋಗಲಿಲ್ಲ, ಸುದ್ದಿಯೂ ನಿಲ್ಲಲಿಲ್ಲ. 1919ರಲ್ಲಿ ಮೂವರು ವೈದ್ಯರು ಬಂದು ಪರೀಕ್ಷಿಸಿದರು. ಬಾರ್ಲೆತ್ತಾದ ಲುಯಿಜಿ ರೊಮಾನೆಲ್ಲಿ ಮತ್ತು ರೋಮಿನ ಜೊರ್ಜೊ ಫೆಸ್ತಾ ಇವಕ್ಕೆ ವೈದ್ಯಶಾಸ್ತ್ರದಲ್ಲಿ ವಿವರಣೆ ಇಲ್ಲವೆಂಬ ಕಡೆಗೆ ವಾಲಿದರು. ರೋಗಶಾಸ್ತ್ರದ ಪ್ರಾಧ್ಯಾಪಕರೂ ಧರ್ಮಶ್ರದ್ಧೆಯಿಂದ ದೂರವಿದ್ದವರೂ ಆದ ಅಮಿಕೊ ಬಿನ್ಯಾಮಿ ಮಾತ್ರ, ಯಾವುದೋ ಚರ್ಮವ್ಯಾಧಿಯಿಂದ ಆರಂಭವಾದ ಗಾಯಗಳು ಮನಸ್ಸಿನ ಸೂಚನೆಯಿಂದ ಇಂಥ ರೂಪ ತಳೆದು, ಹಚ್ಚುತ್ತಿದ್ದ ಅಯೋಡಿನ್‌ನಿಂದ ಮಾಯದೆ ಉಳಿದಿರಬಹುದೆಂದು ತರ್ಕಿಸಿ, ಅವನ್ನು ಸಾಕ್ಷಿಗಳ ಎದುರಿಗೆ ಕಟ್ಟಿ ಮುದ್ರೆ ಒತ್ತಿಡಬೇಕೆಂದು ಸೂಚಿಸಿದರು. ಹಾಗೆ ಕಟ್ಟಿಟ್ಟ ದಿನಗಳಲ್ಲೂ ಗಾಯಗಳು ಮಾಯಲಿಲ್ಲವೆಂದು ಮಠದವರು ಸಾಕ್ಷ್ಯ ನುಡಿದರು.

ಹೆಚ್ಚಿನ ಪರಿಣಾಮ ಬೀರಿದ್ದು ಇವರಾರ ವರದಿಯೂ ಅಲ್ಲ. ಸ್ವತಃ ಫ್ರಾನ್ಸಿಸ್ಕನ್ ಸನ್ಯಾಸಿಯೂ, ವೈದ್ಯರೂ, ಮನಶ್ಶಾಸ್ತ್ರಜ್ಞರೂ, ಮುಂದೆ ಮಿಲಾನಿನ ಕಥೊಲಿಕ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದವರೂ ಆದ ಅಗೊಸ್ತಿನೊ ಜೆಮೆಲ್ಲಿ 1920ರ ಏಪ್ರಿಲ್‌ನಲ್ಲಿ ಮಠಕ್ಕೆ ಬಂದರು. ಗಾಯಗಳನ್ನು ನೋಡಲು ಬೇಕಾದ ಲಿಖಿತ ಅನುಮತಿ ಅವರ ಬಳಿ ಇರಲಿಲ್ಲವಾದ್ದರಿಂದ ಪಾದ್ರೆ ಪಿಯೊ ತೋರಿಸಲು ಒಪ್ಪಲಿಲ್ಲ. ಆದರೂ ಜೆಮೆಲ್ಲಿ, ಇದು ದೈವಿಕವಲ್ಲ, ಸಂಕುಚಿತ ಮನೋವಲಯದಲ್ಲಿ ಬದುಕುವ ದುರ್ಬಲ ಮನಸ್ಸಿನ ವ್ಯಕ್ತಿಯೊಬ್ಬನ ಪ್ರಕರಣ ಎಂಬ ಅರ್ಥದ ಅಭಿಪ್ರಾಯವನ್ನು ರೋಮಿಗೆ ತಿಳಿಸಿದರು. ಗಾಯಗಳನ್ನೇ ನೋಡದೆ ಕೊಟ್ಟ ಈ ಅಭಿಪ್ರಾಯ, ಕೊಟ್ಟವರ ಪಾಂಡಿತ್ಯದಿಂದಾಗಿ ದಶಕಗಳವರೆಗೆ ಕಡತಗಳಲ್ಲಿ ಬಾಳಿತು. ವಿಜ್ಞಾನವನ್ನು ಧರ್ಮಸಭೆಯ ಒಳಗೆ ತರಬೇಕೆಂದು ಶ್ರಮಿಸಿದ ವ್ಯಕ್ತಿಯೇ ಪರೀಕ್ಷೆಯಿಲ್ಲದೆ ತೀರ್ಪಿಗೆ ಬಂದದ್ದು ಈ ಪ್ರಕರಣದ ಅತ್ಯಂತ ವಿಷಾದಕರ ಸಂಗತಿಗಳಲ್ಲಿ ಒಂದು.

ಇದಕ್ಕೆ ವ್ಯತಿರಿಕ್ತವಾಗಿ ನಿಲ್ಲುವುದು 1921ರ ಜೂನ್‌ನಲ್ಲಿ ಬಂದ ವೊಲ್ತೆರಾದ ಧರ್ಮಾಧ್ಯಕ್ಷ ರಫಾಯೆಲೆ ರೊಸ್ಸಿ ಅವರ ತನಿಖೆ. ವಿಶ್ವಾಸಬೋಧನೆಯ ಶುದ್ಧಿಯನ್ನು ಕಾಯುವ ವ್ಯಾಟಿಕನ್ ಇಲಾಖೆ, ಅಂದು ಹೋಲಿ ಆಫೀಸ್ ಎನಿಸಿದ್ದ ಸಂಸ್ಥೆ, ಅವರನ್ನು ಕಳುಹಿಸಿತ್ತು. ರೊಸ್ಸಿ ಅನುಮಾನ ಹೊತ್ತೇ ಬಂದರು, ಪ್ರಮಾಣವಚನದ ಮೇಲೆ ಪಾದ್ರೆ ಪಿಯೊರನ್ನು ಪ್ರಶ್ನಿಸಿದರು, ಗಾಯಗಳನ್ನು ಒಂದೊಂದಾಗಿ ನೋಡಿದರು. ಪಾದ್ರೆ ಪಿಯೊ ಗುಟ್ಟಾಗಿ ಕಾರ್ಬಾಲಿಕ್ ಆಮ್ಲ ತರಿಸಿಕೊಳ್ಳಲು ಯತ್ನಿಸಿದ್ದರೆಂಬ ಔಷಧಿ ವ್ಯಾಪಾರಿಯೊಬ್ಬರ ಹೇಳಿಕೆಯನ್ನೂ ಮುಂದಿಟ್ಟು ಕೇಳಿದರು. ಮಠದಲ್ಲಿ ಚುಚ್ಚುಮದ್ದಿನ ಸೂಜಿಗಳನ್ನು ಶುದ್ಧಗೊಳಿಸಲು ಅದು ಬೇಕಾಗಿತ್ತೆಂಬ ಉತ್ತರ ಬಂತು. ಕೊನೆಗೆ ರೊಸ್ಸಿ ಬರೆದ ವರದಿ ವಂಚನೆಯನ್ನು ತಳ್ಳಿಹಾಕಿತು, ಪಾದ್ರೆ ಪಿಯೊ ಒಳ್ಳೆಯ ಸನ್ಯಾಸಿ ಎಂದಿತು. ಸುತ್ತಲಿನ ಜನರ ಉತ್ಸಾಹದ ಬಗ್ಗೆ ಮಾತ್ರ ಎಚ್ಚರಿಸಿತು. ಸಂಶಯದಿಂದ ಹೊರಟರೂ ಕಣ್ಣೆದುರಿಗೆ ಇದ್ದುದನ್ನು ನೋಡಿ ಬರೆದ ಈ ವರದಿ 2008ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾಯಿತು. ಅದರ ಹಿಂದಿನ ವರ್ಷ ಇತಿಹಾಸಕಾರ ಸೆರ್ಜೊ ಲುತ್ಸಾತ್ತೊ ತಮ್ಮ ಗ್ರಂಥದಲ್ಲಿ ಆಮ್ಲದ ಸಾಕ್ಷ್ಯವನ್ನು ಬೆಳಕಿಗೆ ತಂದಾಗ ಇಟಲಿಯಲ್ಲಿ ದೊಡ್ಡ ವಿವಾದವೆದ್ದಿತ್ತು. ಎರಡನ್ನೂ ಜೊತೆಗಿಟ್ಟು ಓದುವವರಿಗೆ, ಹೋಲಿ ಆಫೀಸ್ ಆ ಸಾಕ್ಷ್ಯವನ್ನು ಮುಚ್ಚಿಡದೆ ಆಗಲೇ ತೂಗಿ ನೋಡಿತ್ತು ಎಂಬುದು ಸ್ಪಷ್ಟವಾಗುತ್ತದೆ.

ರೊಸ್ಸಿಯವರ ವರದಿಯಿದ್ದೂ ನಿರ್ಬಂಧಗಳು ಬಂದವು. 1922ರಲ್ಲಿ, ಪೂಜೆಗೆ ನಿಗದಿತ ವೇಳೆ ಇರಬಾರದು, ಗಾಯಗಳನ್ನು ತೋರಿಸಬಾರದು, ಆತ್ಮಗುರುಗಳೊಡನೆ ಪತ್ರವ್ಯವಹಾರ ನಿಲ್ಲಬೇಕು ಎಂಬ ಆದೇಶ ಹೊರಟಿತು. 1923ರ ಮೇ 31ರಂದು, ಈ ಘಟನೆಗಳ ದೈವಿಕತೆ ಸಿದ್ಧಪಟ್ಟಿಲ್ಲವೆಂಬ ಘೋಷಣೆ ಹೊರಬಿತ್ತು. ಈ ಘೋಷಣೆ ಘಟನೆ ಸುಳ್ಳೆಂದು ಹೇಳುತ್ತಿರಲಿಲ್ಲ, ನಿಜವೆಂದು ಹೇಳಲು ಆಧಾರ ಸಾಲದೆಂದು ಮಾತ್ರ ಹೇಳುತ್ತಿತ್ತು. ಆದರೆ ಭಕ್ತರ ಕಿವಿಗೂ ವಿರೋಧಿಗಳ ಕಿವಿಗೂ ಅದು ಖಂಡನೆಯಾಗಿಯೇ ಕೇಳಿಸಿತು. ಪಾದ್ರೆ ಪಿಯೊರನ್ನು ಬೇರೆಡೆಗೆ ವರ್ಗಾಯಿಸುತ್ತಾರೆಂಬ ಸುದ್ದಿಗೆ ಊರಿನ ಸಾವಿರಾರು ಜನ ಬೀದಿಗಿಳಿದರು. 1920ರ ಅಕ್ಟೋಬರ್‌ನಲ್ಲಿ ಇದೇ ಊರಿನಲ್ಲಿ ಸಮಾಜವಾದಿಗಳ ಚುನಾವಣಾ ಗೆಲುವಿನ ಹಿಂದೆಯೇ ನಡೆದ ಘರ್ಷಣೆಯಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತಿದ್ದರು ಎಂಬುದನ್ನು ನೆನೆದರೆ, ಜನಸಮೂಹದ ಭಾವೋದ್ರೇಕಕ್ಕೆ ಅಧಿಕಾರಿಗಳು ಅಂಜಿದ್ದರಲ್ಲಿ ಅರ್ಥವಿತ್ತು. ಆದರೆ ಮನ್‌ಫ್ರೆದೋನಿಯಾದ ಮಹಾಧರ್ಮಾಧ್ಯಕ್ಷ ಪಾಸ್ಕ್ವಾಲೆ ಗಾಲ್ಯಾರ್ದಿ ಮಠದ ಮೇಲೆ ಹೊರಿಸುತ್ತ ಬಂದ ಆರೋಪಗಳಿಗೆ ಆ ಸಮರ್ಥನೆ ಸಲ್ಲುವುದಿಲ್ಲ. ಮುಂದೆ ಅವರೇ ತಮ್ಮ ಸ್ಥಾನವನ್ನು ಬಿಡಬೇಕಾಯಿತು.

ನಿರ್ಬಂಧಗಳು ತುದಿ ಮುಟ್ಟಿದ್ದು 1931ರ ಜೂನ್‌ನಲ್ಲಿ. ಮಠದೊಳಗಿನ ಪ್ರಾರ್ಥನಾಲಯದಲ್ಲಿ ಜನರಿಲ್ಲದೆ ಬಲಿಪೂಜೆ ಅರ್ಪಿಸುವುದೊಂದನ್ನು ಬಿಟ್ಟು ಪಾದ್ರೆ ಪಿಯೊ ಅವರ ಗುರುಕಾರ್ಯವೆಲ್ಲವೂ ನಿಂತಿತು. ಪಾಪನಿವೇದನೆ, ಎಂದರೆ ವಿಶ್ವಾಸಿಗಳು ಗುರುವಿನೆದುರು ತಪ್ಪೊಪ್ಪಿಕೊಂಡು ದೇವರ ಕ್ಷಮೆ ಪಡೆಯುವ ಸಂಸ್ಕಾರವನ್ನು ನಡೆಸುವ ಹಕ್ಕೂ ಹೋಯಿತು. 1933ರ ಜುಲೈಯಲ್ಲಿ ಪೋಪ್ ಹನ್ನೊಂದನೆಯ ಪಯಸ್ ಈ ಆಜ್ಞೆಯನ್ನು ಹಿಂತೆಗೆದುಕೊಳ್ಳುವವರೆಗಿನ ಎರಡು ವರ್ಷ ಅವರು ಬಹಿರಂಗವಾಗಿ ಪ್ರತಿಭಟಿಸಲಿಲ್ಲ. ತಮ್ಮ ಪರವಾಗಿ ಧರ್ಮಾಧಿಕಾರಿಗಳ ವಿರುದ್ಧ ದಾಖಲೆಗಳನ್ನು ಪ್ರಕಟಿಸಲು ಹೊರಟ ಭಕ್ತರನ್ನು ತಡೆಯಲೂ ಯತ್ನಿಸಿದರು. ಗಾಯಗಳಿಗಿಂತ ಈ ಎರಡು ವರ್ಷಗಳೇ ಅವರ ಸಂತತನಕ್ಕೆ ಹೆಚ್ಚು ಗಟ್ಟಿಯಾದ ಪುರಾವೆ ಎನ್ನಬೇಕು. ಅವರ ಇಡೀ ಗುರುಜೀವನ ನಿಂತಿದ್ದುದೂ ಪಾಪನಿವೇದನೆಯ ಪೀಠದ ಮೇಲೆಯೇ. ನಸುಕಿನ ಐದು ಗಂಟೆಯ ಪೂಜೆ ಮುಗಿದ ಮೇಲೆ ಗಂಟೆಗಟ್ಟಲೆ ಅಲ್ಲಿ ಕೂರುತ್ತಿದ್ದರು. ಜನಜಂಗುಳಿ ಎಷ್ಟಾಯಿತೆಂದರೆ 1950ರಲ್ಲಿ ಸರದಿಯ ಚೀಟಿ ಕೊಡುವ ಏರ್ಪಾಡು ಮಾಡಬೇಕಾಯಿತು. ಕುತೂಹಲಕ್ಕೆ ಬಂದವರನ್ನೂ ಪಶ್ಚಾತ್ತಾಪವಿಲ್ಲದೆ ಬಂದವರನ್ನೂ ಅವರು ಗದರಿ ಕಳುಹಿಸುತ್ತಿದ್ದರು. ಹೇಳದ ಪಾಪವನ್ನೂ ಅರಿಯುತ್ತಿದ್ದರು, ಒಂದೇ ವೇಳೆಗೆ ಎರಡು ಕಡೆ ಕಾಣಿಸಿದರು, ಅವರ ಬಳಿ ಹೂವಿನ ಪರಿಮಳ ಸುಳಿಯುತ್ತಿತ್ತು ಎಂಬ ಸಾಕ್ಷ್ಯಗಳು ನೂರಾರಿವೆ.

ಅವರ ಕನಸಿನ ಆಸ್ಪತ್ರೆ, 'ವೇದನೆಗೆ ಉಪಶಮನ ನೀಡುವ ಮನೆ' ಎಂಬ ಅರ್ಥದ ಹೆಸರು ಹೊತ್ತು 1956ರ ಮೇ 5ರಂದು ಆರಂಭವಾಯಿತು. ಹಣಕ್ಕೆ ಸಂಬಂಧಿಸಿದ ಸಂಕಟವೂ ಅದರ ಜೊತೆಯಲ್ಲೇ ಬಂತು. ಹೆಚ್ಚು ಬಡ್ಡಿಯ ಆಸೆ ತೋರಿಸಿ ಅನೇಕ ಮಠಗಳ ಹಣ ಪಡೆದಿದ್ದ ಜುಫ್ರೆ ಎಂಬ ಲೇವಾದೇವಿಗಾರನ ವ್ಯವಹಾರ 1958ರಲ್ಲಿ ಕುಸಿದಾಗ ಕಪುಚಿನ್ ಸಭೆಗೂ ಭಾರೀ ನಷ್ಟವಾಗಿ, ಆಸ್ಪತ್ರೆಗೆ ಬರುತ್ತಿದ್ದ ಕಾಣಿಕೆಯ ಮೇಲೆ ಕೆಲವರ ಕಣ್ಣು ಬಿತ್ತು. 1960ರ ಸುಮಾರಿಗೆ ಪಾದ್ರೆ ಪಿಯೊ ಅವರ ಕೋಣೆಯ ಸಂಭಾಷಣೆಗಳನ್ನು ಗುಟ್ಟಾಗಿ ಧ್ವನಿಮುದ್ರಿಸಿದ್ದು ಈ ಇಡೀ ಇತಿಹಾಸದಲ್ಲಿ ಕ್ಷಮೆಗೆ ಅರ್ಹವಲ್ಲದ ಕೃತ್ಯ. ಸರಳತೆಗೂ ದಯೆಗೂ ಹೆಸರಾದ ಪೋಪ್ ಇಪ್ಪತ್ಮೂರನೆಯ ಜಾನ್ ಕೂಡ ಆ ಟೇಪುಗಳ ವರದಿಯಿಂದ ವಿಚಲಿತರಾಗಿ ಕಾರ್ಲೊ ಮಕ್ಕಾರಿ ಅವರನ್ನು ತನಿಖೆಗೆ ಕಳುಹಿಸಿದರು, ಮತ್ತೊಂದು ಸುತ್ತಿನ ನಿರ್ಬಂಧಗಳು ಬಂದವು. 1964ರಲ್ಲಿ ಪೋಪ್ ಆರನೆಯ ಪಾಲ್ ಅವುಗಳನ್ನು ತೆಗೆದರು. ಆಧುನಿಕ ಜಗತ್ತಿಗೆ ಕಿಟಕಿ ತೆರೆದ ಪೋಪ್ ಜಾನ್ ಈ ಹಳೆಯ ಕಾಲದ ಸನ್ಯಾಸಿಯನ್ನು ಶಂಕಿಸಿದರು ಎಂಬ ಕಾರಣಕ್ಕೆ, ಮುಂದೆ ಹಲವರು ಪಾದ್ರೆ ಪಿಯೊರನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯ ಎದುರಾಳಿಯಂತೆ ಚಿತ್ರಿಸತೊಡಗಿದರು.

1962ರಿಂದ 1965ರವರೆಗೆ ಸೇರಿದ ಆ ಮಹಾಸಭೆಯ ಬಳಿಕ ಪೂಜೆ ಲ್ಯಾಟಿನ್ನಿನಿಂದ ಜನರ ಭಾಷೆಗಳಿಗೆ ತಿರುಗಿತು, 1969ರಲ್ಲಿ ಪೂಜಾವಿಧಿಯೇ ಹೊಸದಾಯಿತು. ವಯಸ್ಸಾಗಿ ದೃಷ್ಟಿ ಮಂದವಾಗಿದ್ದ ಪಾದ್ರೆ ಪಿಯೊಗೆ ತಮ್ಮ ರೂಢಿಯ ಲ್ಯಾಟಿನ್ ಪೂಜೆಯನ್ನೇ ಮುಂದುವರಿಸಲು ಅನುಮತಿ ಸಿಕ್ಕಿತ್ತು. ಆದ್ದರಿಂದ ಹಳೆಯ ಪೂಜಾವಿಧಿಯನ್ನು ಪ್ರೀತಿಸುವವರಿಗೆ ಅವರು ಸಹಜವಾಗಿಯೇ ಆಪ್ತರು. 2007ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟ್ ವಿಸ್ತಾರವಾಗಿ ಕೊಟ್ಟ ಅನುಮತಿಯನ್ನು 2021ರಲ್ಲಿ ಪೋಪ್ ಫ್ರಾನ್ಸಿಸ್ ಬಿಗಿಗೊಳಿಸಿದಾಗ ಈ ಜನರಿಗೆ ಆದ ನೋವು ನಿಜವಾದದ್ದು, ಅದನ್ನು ಹಗುರವಾಗಿ ಕಾಣಲಾಗದು. ಆದರೆ ಪಾದ್ರೆ ಪಿಯೊ ಹೆಸರಿನಲ್ಲಿ ಹಬ್ಬಿದ ಎಲ್ಲವೂ ಅವರದಲ್ಲ. ಕಿಟಕಿ ಮುಚ್ಚಿ ಪವಿತ್ರ ದೀಪ ಹಚ್ಚಿ ಕಳೆಯಬೇಕಾದ ಮೂರು ದಿನದ ಕತ್ತಲೆಯ ಭವಿಷ್ಯವಾಣಿ ಅವರ ಪತ್ರಸಂಪುಟಗಳಲ್ಲಿ ಎಲ್ಲೂ ಇಲ್ಲ. ಪೋಪರ ಆಜ್ಞೆ ಮೀರಿ 1988ರಲ್ಲಿ ಧರ್ಮಾಧ್ಯಕ್ಷರನ್ನು ಅಭಿಷೇಕಿಸಿದ ಮಾರ್ಸೆಲ್ ಲೆಫೆಬ್ರ್ 1967ರಲ್ಲಿ ಅವರನ್ನು ಕೆಲವೇ ನಿಮಿಷ ಕಂಡಿದ್ದರು. ಆ ಭೇಟಿಯಲ್ಲಿ ಪಾದ್ರೆ ಪಿಯೊ ತಮಗೆ ಛೀಮಾರಿ ಹಾಕಿದರೆಂಬ ಕಥೆಯನ್ನು ಲೆಫೆಬ್ರ್ ಅವರೇ ಅಲ್ಲಗಳೆದರು. ಖಚಿತವಾಗಿ ಉಳಿದಿರುವುದು, 1968ರ ಸೆಪ್ಟೆಂಬರ್ 12ರಂದು, ಸಾವಿಗೆ ಹನ್ನೊಂದು ದಿನ ಮೊದಲು, ಆರನೆಯ ಪಾಲ್ ಅವರಿಗೆ ಬರೆದ ಪತ್ರ. ಕೃತಕ ಸಂತಾನನಿಯಂತ್ರಣವನ್ನು ತಿರಸ್ಕರಿಸಿದ ಸುತ್ತೋಲೆಗಾಗಿ ಎಲ್ಲ ಕಡೆಯಿಂದ ಟೀಕೆಗೊಳಗಾಗಿದ್ದ ಪೋಪರಿಗೆ ತಮ್ಮ ಪ್ರಾರ್ಥನೆಯನ್ನೂ ವಿಧೇಯತೆಯನ್ನೂ ಅದರಲ್ಲಿ ಅವರು ಅರ್ಪಿಸಿದ್ದರು. ಸೆಪ್ಟೆಂಬರ್ 23ರಂದು ಅವರು ತೀರಿಕೊಂಡಾಗ ದೇಹದ ಮೇಲೆ ಗಾಯವಾಗಲಿ ಕಲೆಯಾಗಲಿ ಇರಲಿಲ್ಲ.

ಸಂತಪದವಿಯ ಪ್ರಕ್ರಿಯೆ ಈ ಗಾಯಗಳ ಮೂಲವನ್ನು ನಿರ್ಣಯಿಸಲಿಲ್ಲ, ನಿರ್ಣಯಿಸಬೇಕಾಗಿಯೂ ಇರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಪ್ರೊಸ್ಪೆರೊ ಲಾಂಬರ್ತಿನಿ, ಮುಂದೆ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಎನಿಸಿದ ಪಂಡಿತ, ಈ ವಿಷಯದ ಬೃಹದ್ಗ್ರಂಥದಲ್ಲಿ ಖಚಿತಪಡಿಸಿದ ತತ್ವವೆಂದರೆ ದರ್ಶನ, ಪರಿಮಳ, ಪಂಚಗಾಯ ಮುಂತಾದ ಅಸಾಧಾರಣ ವರಗಳು ತಾವಾಗಿಯೇ ಯಾರನ್ನೂ ಸಂತರನ್ನಾಗಿಸವು. ಪರೀಕ್ಷೆಗೊಳಗಾಗಬೇಕಾದದ್ದು ವಿಶ್ವಾಸ, ಭರವಸೆ, ಪ್ರೀತಿ ಮೊದಲಾದ ಸದ್ಗುಣಗಳ ವೀರೋಚಿತ ಆಚರಣೆ. ಅದಕ್ಕೂ ಮುಂಚೆ ಹದಿನಾರನೆಯ ಶತಮಾನದ ಸ್ಪೇನಿನ ಅನುಭಾವಿ, ಶಿಲುಬೆಯ ಸಂತ ಯೊವಾನ್ನರು, ದರ್ಶನಗಳನ್ನು ಬಯಸುವುದೇ ಆತ್ಮಕ್ಕೆ ಅಪಾಯವೆಂದು ಬೋಧಿಸಿದ್ದರು. ಹೀಗಾಗಿ ಅನುಮಾನವನ್ನು ಆಧುನಿಕರ ಆವಿಷ್ಕಾರವೆಂದು ದೂರುವ ಸಂಪ್ರದಾಯವಾದಿ ತನ್ನ ಸಂಪ್ರದಾಯದ ದೊಡ್ಡ ಭಾಗವೊಂದನ್ನೇ ಮರೆಯುತ್ತಾನೆ. ಅನುಭಾವವನ್ನೆಲ್ಲ ಮನೋರೋಗವೆಂದು ಬದಿಗೆ ಸರಿಸುವ ಆಧುನಿಕನೂ ಜೆಮೆಲ್ಲಿಯವರ ಹಾದಿಯನ್ನೇ ತುಳಿಯುತ್ತಾನೆ.

2024ರ ಮೇ 17ರಂದು ವ್ಯಾಟಿಕನ್ ಹೊರಡಿಸಿದ ಹೊಸ ನಿಯಮಗಳು ಈ ಪ್ರಶ್ನೆಯನ್ನು ಇನ್ನೊಂದು ನೆಲೆಗೆ ಒಯ್ದಿವೆ. 1978ರ ನಿಯಮಗಳಿಗೆ ಬದಲಾಗಿ ಬಂದ ಇವುಗಳ ಪ್ರಕಾರ, ಘಟನೆ ದೈವಿಕವೆಂದು ಧರ್ಮಾಧ್ಯಕ್ಷರು ಸಾಮಾನ್ಯವಾಗಿ ಇನ್ನು ಘೋಷಿಸುವುದಿಲ್ಲ. ಅಡ್ಡಿಯಿಲ್ಲ ಎಂಬುದರಿಂದ ಹಿಡಿದು ದೈವಿಕವಲ್ಲ ಎಂಬವರೆಗಿನ ಆರು ತೀರ್ಮಾನಗಳಲ್ಲಿ ಒಂದನ್ನು, ರೋಮಿನ ಒಪ್ಪಿಗೆ ಪಡೆದು ಪ್ರಕಟಿಸುತ್ತಾರೆ. 1981ರಲ್ಲಿ ಮಾತೆ ಮರಿಯಳ ದರ್ಶನದ ಸುದ್ದಿ ಮೊದಲಾದ ಬೊಸ್ನಿಯಾದ ಮೆಜುಗೊರಿಯೆಗೆ 2024ರ ಸೆಪ್ಟೆಂಬರ್‌ನಲ್ಲಿ ಸಿಕ್ಕಿದ್ದು 'ಅಡ್ಡಿಯಿಲ್ಲ' ಎಂಬ ಈ ಉತ್ತರ: ಯಾತ್ರೆ ನಡೆಯಲಿ, ಪ್ರಾರ್ಥನೆ ನಡೆಯಲಿ, ದರ್ಶನ ನಿಜವೆಂದು ನಂಬಲೇಬೇಕೆಂಬ ಕಟ್ಟಳೆ ಮಾತ್ರ ಇಲ್ಲ. 1862ರಲ್ಲಿ ಲೂರ್ದ್ ಬಗ್ಗೆ, 1930ರಲ್ಲಿ ಫಾತಿಮಾ ಬಗ್ಗೆ ಅಲ್ಲಿನ ಧರ್ಮಾಧ್ಯಕ್ಷರು ನುಡಿದ ಸ್ಪಷ್ಟ ಮಾತುಗಳಿಗೆ ಒಗ್ಗಿದ ಭಕ್ತರಿಗೆ ಇದು ಅರೆಮನಸ್ಸಿನ ಉತ್ತರವೆನಿಸಿದ್ದು ಸಹಜ. ಆದರೆ ಇದೇ ನಿಯಮಗಳು, ದೈವಿಕ ಅನುಭವದ ಹೆಸರು ಹೇಳಿ ಜನರನ್ನು ಹತೋಟಿಯಲ್ಲಿಟ್ಟುಕೊಳ್ಳುವುದನ್ನೂ ಶೋಷಿಸುವುದನ್ನೂ ನೈತಿಕವಾಗಿ ವಿಶೇಷ ಗಂಭೀರವಾದದ್ದಾಗಿ ಕಾಣಬೇಕೆಂದು ಹೇಳುತ್ತವೆ. ವರ ಪಡೆದೆನೆನ್ನುವವರಿಂದ ಭಕ್ತರನ್ನು ಕಾಯುವ ಏರ್ಪಾಡು ಹೀಗೆ ಆಗಿದೆ. ಗುಟ್ಟಿನ ಧ್ವನಿಮುದ್ರಣದಿಂದ, ಗಾಯಗಳನ್ನೇ ನೋಡದೆ ಕೊಟ್ಟ ಪಂಡಿತರ ಅಭಿಪ್ರಾಯದಿಂದ, ತನಿಖೆಗೊಳಗಾದ ವ್ಯಕ್ತಿಯನ್ನೂ ಕಾಯುವ ಅಷ್ಟೇ ಸ್ಪಷ್ಟವಾದ ಕಟ್ಟಳೆ ಧರ್ಮಸಭೆಗೆ ಬೇಕು.