ಹಾಸನದ ಕೈಗೆ ಉಪಗ್ರಹ ಒಪ್ಪಿಸಿದ ಪೈಲಟ್

1983ರ ಆಗಸ್ಟ್ 30. ಹಾಸನದಲ್ಲಿ ಮಧ್ಯಾಹ್ನ ಹನ್ನೆರಡು ದಾಟಿ ಎರಡು ನಿಮಿಷ. ಅದೇ ಹೊತ್ತಿಗೆ ಅಮೆರಿಕದ ಫ್ಲಾರಿಡಾದಲ್ಲಿ ನಡುರಾತ್ರಿ ಕಳೆದು ಎರಡೂವರೆ. ಗುಡುಗು ಮಳೆಯ ಕಾಟಕ್ಕೆ ಹದಿನೇಳು ನಿಮಿಷ ತಡವಾಗಿ, ಚಾಲೆಂಜರ್ ನೌಕೆ ಕತ್ತಲನ್ನು ಹಗಲು ಮಾಡುತ್ತ ಮೇಲೆದ್ದಿತು. ಸ್ಪೇಸ್ ಶಟಲ್ ರಾತ್ರಿ ಹೊತ್ತು ಹೊರಟಿದ್ದು ಅದೇ ಮೊದಲು. ಅಂಥ ಅಪವೇಳೆ ಯಾಕೆ ಅಂದರೆ, ಕಾರಣ ನಮ್ಮ ಕಡೆಯದೇ. ನೌಕೆಯ ಒಡಲಲ್ಲಿದ್ದದ್ದು ಭಾರತದ ಇನ್ಸಾಟ್-1ಬಿ ಉಪಗ್ರಹ. ಅದನ್ನು ಸರಿಯಾದ ಜಾಗದಲ್ಲಿ ಬಿಟ್ಟು, ನೆಲದಿಂದ ಅದರ ಜಾಡು ಹಿಡಿಯಬೇಕಾದರೆ ಹೊರಡುವ ಮುಹೂರ್ತ ಆಗಲೇ ಇರಬೇಕಿತ್ತು.

ನೌಕೆಯಲ್ಲಿದ್ದ ಐವರಲ್ಲಿ ಒಬ್ಬರು ನಲವತ್ತು ವರ್ಷದ ಗೈಯನ್ ಬ್ಲೂಫೋರ್ಡ್. ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪು ಅಮೆರಿಕನ್ ಎಂದು ಲೋಕ ಅವರನ್ನು ನೆನೆಯುತ್ತದೆ. (ಮೊದಲ ಕಪ್ಪು ಮನುಷ್ಯ ಅಲ್ಲ. ಆ ಗೌರವ 1980ರಲ್ಲಿ ಸೋವಿಯತ್ ನೌಕೆಯೇರಿದ ಕ್ಯೂಬಾದ ಅರ್ನಾಲ್ಡೊ ತಮಾಯೊ ಮೆಂಡೆಸ್ ಅವರದು. ಅವರೂ ಯುದ್ಧವಿಮಾನದ ಪೈಲಟ್ಟೇ.) ಹಾಸನದವರು ಮಾತ್ರ ಬ್ಲೂಫೋರ್ಡರನ್ನು ಬೇರೆ ಕಾರಣಕ್ಕೆ ನೆನೆಯಬೇಕು.

ಹುಟ್ಟಿದ್ದು 1942ರಲ್ಲಿ, ಫಿಲಡೆಲ್ಫಿಯಾದಲ್ಲಿ. ತಂದೆ ಮೆಕ್ಯಾನಿಕಲ್ ಎಂಜಿನಿಯರ್, ತಾಯಿ ಶಿಕ್ಷಕಿ. ಈ ಹುಡುಗನಿಗೆ ಕಾಲೇಜು ಓದು ಹತ್ತುವುದಿಲ್ಲ, ಯಾವುದಾದರೂ ಕೈಕಸುಬು ಕಲಿಯಲಿ ಎಂದು ಶಾಲೆಯ ಸಲಹೆಗಾರರೊಬ್ಬರು ಹೇಳಿದ್ದುಂಟು. ಹುಡುಗ ಓದಿದ್ದು ವಿಮಾನ ಎಂಜಿನಿಯರಿಂಗ್. 1966ರಲ್ಲಿ ವಾಯುಪಡೆಯ ಪೈಲಟ್ ಆದರು. ವಿಯೆಟ್ನಾಂ ಯುದ್ಧದಲ್ಲಿ ಎಫ್-4 ಫ್ಯಾಂಟಮ್ ವಿಮಾನದಲ್ಲಿ 144 ಸಲ ಕಾಳಗಕ್ಕೆ ಹಾರಿದರು, ಅದರಲ್ಲಿ 65 ಸಲ ಉತ್ತರ ವಿಯೆಟ್ನಾಮಿನ ಮೇಲೆ. ಒಂದೊಂದು ಸಲವೂ ವಾಪಸು ಬರುತ್ತೇವೆಂಬ ಖಾತ್ರಿಯಿಲ್ಲದ ಹಾರಾಟ. ಊರಿಗೆ ಮರಳಿದ ಮೇಲೆ ಹೊಸ ಪೈಲಟ್‌ಗಳಿಗೆ ಪಾಠ ಹೇಳಿದರು. ಅದರ ನಂತರ ಮತ್ತೆ ತಾವೇ ಪುಸ್ತಕ ಹಿಡಿದು 1978ರಲ್ಲಿ ಪಿಎಚ್‌ಡಿ ಮುಗಿಸಿದರು. ಅದೇ ವರ್ಷ ನಾಸಾ ಆರಿಸಿದ 35 ಮಂದಿಯಲ್ಲಿ ಅವರ ಹೆಸರೂ ಇತ್ತು.

ಹಾರಾಟದ ಎರಡನೆಯ ದಿನ ಬ್ಲೂಫೋರ್ಡ್ ಮತ್ತು ಜೊತೆಗಾರ ಡೇಲ್ ಗಾರ್ಡ್ನರ್ ಇನ್ಸಾಟನ್ನು ಹೊರಬಿಡುವ ಕೆಲಸಕ್ಕೆ ಕೂತರು. ಎತ್ತಿ ಆಚೆ ಎಸೆದರಾಯಿತು ಎನ್ನುವಂಥ ಕೆಲಸವಲ್ಲ ಅದು. ಬಿಸಿಲಿನ ಝಳ ತಾಗದಿರಲೆಂದು ಹೊದಿಸಿದ್ದ ಗೂಡಿನ ಬಾಗಿಲು ಮೊದಲು ತೆರೆಯಬೇಕು. ಉಪಗ್ರಹ ಕೂತ ಪೀಠವನ್ನು ಬುಗುರಿಯಂತೆ ತಿರುಗಿಸಬೇಕು. ತಿರುಗುವ ಬುಗುರಿ ವಾಲುವುದಿಲ್ಲ ಎಂಬ ಹಳ್ಳಿ ಹುಡುಗರಿಗೂ ಗೊತ್ತಿರುವ ಗುಟ್ಟೇ ಇಲ್ಲೂ ನಡೆಯುವುದು. ತಿರುಗಾಟ ಹದಕ್ಕೆ ಬಂದಾಗ ಹಿಡಿ ಸಡಿಲಿಸಿದರೆ ಸ್ಪ್ರಿಂಗುಗಳು ಅದನ್ನು ಮೆಲ್ಲನೆ ಆಚೆ ತಳ್ಳುತ್ತವೆ. ನೌಕೆ ದೂರ ಸರಿದು, ಹೊಟ್ಟೆಯ ಭಾಗವನ್ನು ಆ ಕಡೆಗೆ ಮಾಡಿ ನಿಲ್ಲುತ್ತದೆ. ಸುಮಾರು ಮುಕ್ಕಾಲು ಗಂಟೆ ಕಳೆದ ಮೇಲೆ ಉಪಗ್ರಹಕ್ಕೆ ಕಟ್ಟಿದ ರಾಕೆಟ್ ಹೊತ್ತಿಕೊಂಡು, 300 ಕಿಲೋಮೀಟರ್ ಎತ್ತರದಿಂದ ಅದನ್ನು 36,000 ಕಿಲೋಮೀಟರಿನತ್ತ ಒಯ್ಯುತ್ತದೆ.

ಹೆರಿಗೆ ಅಲ್ಲಿ, ಬಾಣಂತನ ಇಲ್ಲಿ. ಹಾಸನದ ಸಾಲಗಾಮೆ ರಸ್ತೆಯ ಪ್ರಧಾನ ನಿಯಂತ್ರಣ ಕೇಂದ್ರ, ಊರವರ ಬಾಯಲ್ಲಿ ಎಂಸಿಎಫ್, ಶುರುವಾಗಿ ಆಗ ಒಂದು ವರ್ಷವಷ್ಟೇ. ಆ ಒಂದು ವರ್ಷದಲ್ಲೇ ಅದು ಒಂದು ಸಾವನ್ನೂ ಕಂಡಿತ್ತು. 1982ರ ಏಪ್ರಿಲ್‌ನಲ್ಲಿ ಹಾರಿದ್ದ ಇನ್ಸಾಟ್-1ಎ, ಒಂದಾದ ಮೇಲೊಂದು ತೊಂದರೆಗೆ ಸಿಕ್ಕಿ, ಇಂಧನ ಬರಿದಾಗಿ ಸೆಪ್ಟೆಂಬರ್‌ಗೆಲ್ಲ ಕೈಬಿಟ್ಟಿತ್ತು. ಈಗ ಎರಡನೆಯದೂ ಹಟ ಹಿಡಿಯಿತು. ಸೌರಫಲಕಗಳು ಬಿಚ್ಚಿಕೊಳ್ಳಲೊಲ್ಲವು. ಫಲಕ ಅರಳದಿದ್ದರೆ ವಿದ್ಯುತ್ತಿಲ್ಲ, ವಿದ್ಯುತ್ತಿಲ್ಲದ ಉಪಗ್ರಹ ಬರೀ ತಗಡು. ಎಂಜಿನಿಯರುಗಳು ದಿನಗಟ್ಟಲೆ ಹೆಣಗಾಡಿದ ಮೇಲೆ, ಸೆಪ್ಟೆಂಬರ್ ನಡುವಿನ ಹೊತ್ತಿಗೆ ಅವು ಅರಳಿದವು. ಬ್ಲೂಫೋರ್ಡ್ ಅಷ್ಟರಲ್ಲಿ ಭೂಮಿಗಿಳಿದು ವಾರ ಕಳೆದಿತ್ತು. ಆ ನೌಕೆಯ ಸಾಹಸ ಬರೆದವರು ಬಹಳ, ಈ ಎರಡು ವಾರದ ನಿದ್ದೆಗೇಡನ್ನು ಬರೆದವರು ಕಡಿಮೆ.

ಆ ವರ್ಷ ಅಕ್ಟೋಬರ್‌ನಿಂದ ಕೆಲಸಕ್ಕಿಳಿದ ಇನ್ಸಾಟ್-1ಬಿ ಏನು ಮಾಡಿತು ಎಂದು ನಲವತ್ತೈದು ದಾಟಿದವರನ್ನು ಕೇಳಬೇಕು. ದೆಹಲಿಯ ದೂರದರ್ಶನ ಅದರ ಮೂಲಕವೇ ಊರೂರಿನ ಟ್ರಾನ್ಸ್‌ಮಿಟರುಗಳಿಗೆ ಇಳಿಯಿತು. 1987ರಲ್ಲಿ ರಾಮಾಯಣ ಬರತೊಡಗಿದಾಗ ಭಾನುವಾರ ಬೆಳಗ್ಗೆ ಟಿವಿ ಇದ್ದವರ ಮನೆ ಮುಂದೆ ಚಪ್ಪಲಿಯ ರಾಶಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂಥ ಊರುಗಳಲ್ಲಿ ಎತ್ತರದ ಪೈಪಿಗೆ ಆಂಟೆನಾ ಕಟ್ಟಿ ಹುಡುಗನೊಬ್ಬ ಮಾಳಿಗೆ ಹತ್ತುತ್ತಿದ್ದ. "ಬಂತೇನೋ?" "ಇಲ್ಲ ಕಣೋ, ಇನ್ನೊಂಚೂರು ತಿರುಗ್ಸು!" ಇಲ್ಲಿ ಅವನು ಆಂಟೆನಾ ತಿರುಗಿಸುತ್ತಿದ್ದರೆ, ಇಪ್ಪತ್ತು ಮೈಲಿ ಆಚೆ ಹಾಸನದಲ್ಲಿ ಕೂತವರು ಆ ಉಪಗ್ರಹವನ್ನೇ ಸರಿಯಾದ ದಿಕ್ಕಿಗೆ ನಿಲ್ಲಿಸುತ್ತಿದ್ದರು. ಅವನಿಗದು ಎಲ್ಲಿ ಗೊತ್ತಿತ್ತು!

ಬ್ಲೂಫೋರ್ಡ್ ಹಾರಿದ ಏಳು ತಿಂಗಳಿಗೆ, 1984ರ ಏಪ್ರಿಲ್ 3ರಂದು, ನಮ್ಮವರೇ ಆದ ರಾಕೇಶ್ ಶರ್ಮಾ ಸೋವಿಯತ್ ನೌಕೆಯೇರಿದರು. ಅವರೂ 1971ರ ಯುದ್ಧದಲ್ಲಿ ಮಿಗ್-21 ಹಾರಿಸಿದವರು. ಮೈಸೂರಿನ ರಕ್ಷಣಾ ಆಹಾರ ಪ್ರಯೋಗಾಲಯ ತಯಾರಿಸಿಕೊಟ್ಟ ತಿನಿಸು ಅವರ ಜೊತೆ ಬಾನಿಗೆ ಹೋಯಿತು. ಮುಂದೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮುಖ್ಯ ಪರೀಕ್ಷಾ ಪೈಲಟ್ ಆಗಿದ್ದರು. ಇಂಥವರ ಬದುಕಿನಲ್ಲಿ ಬಾಹ್ಯಾಕಾಶದ ವಾರವೊಂದು ಸಣ್ಣ ತುಣುಕು. ಉಳಿದದ್ದೆಲ್ಲ ಕಾಕ್‌ಪಿಟ್‌ನ ದುಡಿಮೆ.

ಇಸ್ರೋದ ಎಂಜಿನಿಯರ್ ಎನ್. ಸಿ. ಭಟ್ ಅವರೂ ಇನ್ಸಾಟ್-1ಸಿ ಜೊತೆಗೆ ಶಟಲ್ ಏರಬೇಕಿತ್ತು. 1986ರ ಜನವರಿ 28ರಂದು ಚಾಲೆಂಜರ್ ಬಾನಲ್ಲೇ ಸಿಡಿದು ಏಳು ಜನ ತೀರಿಕೊಂಡರು. ಬ್ಲೂಫೋರ್ಡ್ ಜೊತೆಯಲ್ಲೇ 1978ರಲ್ಲಿ ಆಯ್ಕೆಯಾಗಿದ್ದ ರಾನ್ ಮೆಕ್‌ನೇರ್ ಅವರಲ್ಲೊಬ್ಬರು. ಭಟ್ಟರ ಪಯಣ ಅಲ್ಲಿಗೇ ನಿಂತಿತು. ಅದೇ ನೌಕೆ ಸುರಕ್ಷಿತವಾಗಿ ಮರಳಿದ ಕೊನೆಯ ಸಲ, 1985ರ ನವೆಂಬರ್‌ನಲ್ಲಿ, ಅದರೊಳಗೆ ಬ್ಲೂಫೋರ್ಡ್ ಇದ್ದರು.

ಅದಾದ ಮೇಲೂ ಅವರು ಹಿಂಜರಿಯಲಿಲ್ಲ. 1991ರಲ್ಲಿ ಒಮ್ಮೆ, 1992ರಲ್ಲಿ ಇನ್ನೊಮ್ಮೆ ಡಿಸ್ಕವರಿ ನೌಕೆಯಲ್ಲಿ ಹೋಗಿಬಂದರು. ನಾಲ್ಕು ಹಾರಾಟ ಸೇರಿ 688 ಗಂಟೆ. 'ಮೊದಲಿಗ' ಎಂಬ ಬಿರುದಿಗಿಂತ ಕೆಲಸ ಬಲ್ಲವನೆಂಬ ಹೆಸರೇ ಅವರಿಗೆ ಬೇಕಿತ್ತು. 1993ರ ಜುಲೈನಲ್ಲಿ ನಾಸಾ ಬಿಟ್ಟರು. ಏಳು ವರ್ಷಕ್ಕೆಂದು ಕಟ್ಟಿದ್ದ ಇನ್ಸಾಟ್-1ಬಿ ಹತ್ತು ವರ್ಷ ದುಡಿದಿತ್ತು. ಅದೇ 1993ರಲ್ಲಿ ಅದರ ಸರದಿಯೂ ಮುಗಿಯಿತು. ಬೇರೆ ಉಪಗ್ರಹಗಳ ದಾರಿಗೆ ಅಡ್ಡ ಬರದಂತೆ ಅದನ್ನು ಇನ್ನಷ್ಟು ಎತ್ತರಕ್ಕೆ ಸರಿಸಿ, ಸ್ವಿಚ್ ಆರಿಸಿದರು.